ಬಲಗೈ ಗಿಟಾರ

ನಮ್ಮ ಮನ್ಯಾಗ ಎಲ್ಲಾದಕ್ಕೂ ಬಲಗೈ. ಊಟ ಬಲಗೈಲೆ, ದೇವ್ರಿಗೆ ಹೂವು ಬಲಗೈಲೆ, ರೊಕ್ಕ ಕೊಡೂದು ಇಸ್ಕೊಳ್ಳೂದು ಬಲಗೈಲೆ, ಹೊಸ್ತಿಲಾ ದಾಟೂದು ಸೈತ ಬಲಗಾಲಿಲೆ. ಎಡಗೈಗೆ ಇದ್ದದ್ದ ಒಂದ ಕೆಲಸ, ಅದೇನಂತ ಎಲ್ಲಾರ್ಗೂ ಗೊತ್ತೈತಿ. ಅಂಥಾ ಮನ್ಯಾಗ ನಮ್ಮಕ್ಕ ಸುನಂದಾ ರೊಡ್ಡಿ ಆಗಿ ಹುಟ್ಟಿದ್ಲು. ಚಮಚಾ ಹಿಡೀಲಿ, ಕಸಬರಿಗಿ ಹಿಡೀಲಿ, ಜಗಳ ಆದಾಗ ನನ್ನ ಕಿವಿ ಹಿಡೀಲಿ, ಆಕೀದು ಎಡಗೈನ ಮೊದಲ ಮುಂದ ಬರತಿತ್ತು. ಹೊಡದ್ರೂ ಸುದ್ದ ಆಗಲಿಲ್ಲ. ಅದಕ್ಕ ಅವ್ವ ಬ್ಯಾರೇ ದಾರಿ ಹುಡಕಿದ್ಲು. ಊಟಕ್ಕ ಕುಂಡ್ರುಮುಂದ ತನ್ನ ಸೆರಗಿನ ತುದೀಲೆ ಅಕ್ಕನ ಎಡಗೈ ಕಟ್ಟಿ, ಆ ಗಂಟ ತನ್ನ ತೊಡಿ ಬುಡಕ ಹಾಕ್ಕೊಂಡು ಕುಂಡರತಿದ್ಲು. ಅಕ್ಕಂದು ಊಟ ಮುಗ್ಯೂತನಕ ಅವ್ವ ಏಳಾಂಗಿಲ್ಲ, ಅವ್ವ ಏಳೂತನಕ ಅಕ್ಕನ ಕೈ ಬಿಡಾಂಗಿಲ್ಲ. ಒಂದ ಗೂಟಕ್ಕ ಕಟ್ಟಿದ ಎರಡ ಎಮ್ಮಿ ಇದ್ದಂಗ. ಕಡಕ್ ರೊಟ್ಟಿ ಇದ್ದ ದಿನ ಮಾತ್ರ ಅವ್ವ ಗಂಟ ಬಿಚ್ಚತಿದ್ಲು, ಅದನ್ನ ಮುರ್ಯಾಕ ಎರಡೂ ಕೈ ಬೇಕಲ್ಲ. ಅದಕ್ಕ ಅಕ್ಕ ದಿನಾ ಕಡಕ್ ರೊಟ್ಟಿನ ಕೇಳತಿದ್ಲು. ಮನ್ಯಾಗ ಬಿಸಿ ರೊಟ್ಟಿ ಬಡ್ಯಾಕತ್ತಿದ್ರೂ ಆಕಿ ಮೊನ್ನಿ ರೊಟ್ಟಿ ಹುಡಕಿ ತರ್ತಿದ್ಲು. ಆಕೀಗೆ ಕಡಕ್ ರೊಟ್ಟಿ ಅಂದ್ರ ಭಾಳ ಸೇರತೈತಿ ಅಂತ ಪಾವಣ್ಯಾರ ಮುಂದ ಅಪ್ಪ ಹೇಳತಿದ್ದ. ಅಪ್ಪಗ ಯಾರೂ ಖರೇ ಹೇಳಲಿಲ್ಲ.

ಮನಿ ಸೋಲಾಪುರದ ಬಾಜೂಕಿನ ಕುಂಭಾರ್ಯಾಗ, ಅಕ್ಕಲಕೋಟ ರೋಡಿನ ದಂಡಿಗೆ. ಎಸ್ಟಿ ಬಸ್ ಹಾದ್ರ ಮಾಡದಾಗಿನ ತಾಟು ಕಣಕಣ ಅಂತಿದ್ವು. ಮುಂದ ಪಡಸಾಲಿ, ಅದರಾಗ ಸೋಮವಾರ ಸೋಮವಾರ ಸಂಜಿಮುಂದ ಭಜನಿ. ಅಪ್ಪ ಪೇಟಿ ಬಾರಸ್ತಿದ್ದ, ಹಾಡಾಕ ಚಾಲೂ ಮಾಡಿದ್ರ ಕಣ್ಣ ಮುಚ್ಚತಿದ್ದ, ಹಾಡ ಮುಗದ ಮ್ಯಾಲನ ತಗೀತಿದ್ದ. ನಡಕ ಅಡಗಿ ಖೋಲಿ. ಹಿಂದ ಕಾಳಿನ ಖೋಲಿ. ಜ್ವಾಳದ ಚೀಲ, ತೊಗರಿ ಚೀಲ, ಚೀಲದ ಸಂದ್ಯಾಗ ಅಕ್ಕನ ಹೊಲಿಗಿ ಮಷೀನ. ನವಿ ಪೇಠದ ಒಂದ ಸೀರಿ ಅಂಗಡಿಯವರು ಆಕೀಗೆ ಫಾಲ್ ಹಚ್ಚಾಕ ಸೀರಿ ಕೊಡ್ತಿದ್ರು, ಆಕಿ ಸೋಲಾಪುರದ ಕಾಲೇಜಿಗೆ ಹೋಗುಮುಂದ ಒಯ್ದು ಮುಟ್ಟಸ್ತಿದ್ಲು. ಕತ್ರಿ ಸೈತ ಬಲಗೈಯವ್ರ ಕತ್ರಿ. ಎಡಗೈಲೆ ಹಿಡದ್ರ ಅರಬಿ ಕತ್ತರಸೂದಿಲ್ಲ, ಅಗದ ಬಿಡತೈತಿ. ಅಕ್ಕ ಅದನ್ನೂ ಎಡಗೈಲೆನ ಪಳಗಿಸಿದ್ಲು. ಆಕಿ ಹೆಬ್ಬಟ್ಟಿನ ಬುಡಕ ಗುಳ್ಳಿ ಎದ್ದು, ಒಡದು, ಕಡೀಕ ಕಲ್ಲಿನಂಗ ಆಗಿತ್ತು. ನಾ ಆವಾಗ ಒಂಬತ್ತನೆತ್ತೆ ನಪಾಸಾಗಿ ಸಾಲಿ ಬಿಟ್ಟು ಮನ್ಯಾಗ ಕುಂತಿದ್ದೆ. ಇಬ್ರೂ ಆ ಖೋಲ್ಯಾಗನ ಬಿದ್ದಿರತಿದ್ವಿ, ಆಕಿ ಹೊಲಿತಿದ್ಲು, ನಾ ಶೇಂಗಾ ತಿಂತಿದ್ದೆ.

ಗಿಟಾರಿನ ಹುಚ್ಚ ಆಕೀಗೆ ಕಾಲೇಜಿನ ಗ್ಯಾದರಿಂಗನ್ಯಾಗ ಹತ್ತಿತು. ಯಾರೋ ಪೋರಗೋಳು ಸ್ಟೇಜ್ ಮ್ಯಾಲ ಕರೆಂಟಿನ ಗಿಟಾರ ಬಾರಿಸಿದ್ರಂತ. ಮನಿಗೆ ಬಂದು ಚಪ್ಪಲ ಸೈತ ಬಿಡದ ನನ್ನ ಮುಂದ ಬಂದ ನಿಂತ್ಲು.

"ಮಲ್ಲ್ಯಾ, ಅಂವ ತಂತಿ ಒಮ್ಮೆ ಜಗ್ಗಿ ಬಿಟ್ಟಾನೋ, ಅದು ಸಾಯಾಕ ಒಲ್ಲದು. ಪೇಟಿ ಗಾಳಿ ಬಿಟ್ರ ಮುಗೀತು. ತಬಲಾ ಬಡದ್ರ ಮುಗೀತು. ಇದು ಸತ್ತಂಗ ಮಾಡತೈತಿ, ಮತ್ತ ಉಸರ ಎಳಕೊಂಡು ಬರತೈತಿ."

"ಪೋರ ಹ್ಯಾಂಗಿದ್ದ?"

"ನಿನ್ನ ಮಾರಿಗೆ. ಪೋರನ್ನ ಯಾರ ನೋಡ್ಯಾರ?"

ಆವತ್ತಿಂದ ಆಕಿ ಅರಬಿ ಅಳ್ಯೂ ಕಟಗಿ ಗಜಾ ಹಿಡಕೊಂಡು ಮೊಬೈಲನ್ಯಾಗ ನೋಡ್ತಾ ಬಾರಸ್ತಿದ್ಲು. ಬಲಗೈಲೆ ಗಜಾ ಒತ್ತಿ ಹಿಡ್ಯೂದು, ಎಡಗೈಲೆ ಮೀಟೂದು. ಮೊಬೈಲನ್ಯಾಗಿನವ್ರು ಎಲ್ಲಾರೂ ಆಕೀಗೆ ಕನ್ನಡಿ ಹಿಡದಂಗ ಕಾಣತಿದ್ರು, ಅದಕ್ಕ ಆಕೀಗೆ ಕಲ್ಯಾಕ ಸಸಾರ ಆತು.

ಅದ ವರ್ಷ ಆಕೀನ ನೋಡಾಕ ಅಕ್ಕಲಕೋಟ ಕಡಿಂದ ಮಂದಿ ಬಂದ್ರು. ಅಕ್ಕ ಚಹಾದ ಟ್ರೇ ಬಲಗೈಲೆ ಹಿಡದು, ಕಪ್ಪ ಎಡಗೈಲೆ ಎತ್ತಿ ಕೊಟ್ಲು. ಬರೋಬ್ಬರಿ ಹುಡಗನ ಅವ್ವನ ಕೈಯಾಗ. ಆ ಹೆಣಮಗಳು ಕಪ್ಪ ಇಸ್ಕೊಂಡು, ಬಶಿ ಮ್ಯಾಲ ಇಟ್ಟು, ದೂರ ಸರಿಸಿದ್ಲು.

"ಮುಲಗಿ ಡಾವರಿ ಆಹೆ ಕಾಯ?"

ಮರಾಠಿ ಇರಲಿ ಕನ್ನಡ ಇರಲಿ, ಹುಡಗಿ ರೊಡ್ಡಿ ಏನಂತ ಕೇಳೂ ದನಿ ಒಂದ ಇರತೈತಿ. ಚಹಾ ಹಂಗ ಆರಿಹೋತು. ಅವ್ರ ಹೋದ ಮ್ಯಾಲ ಗಂಗಾ ಅತ್ತಿ, ಅಂದ್ರ ಅಪ್ಪನ ಅಕ್ಕ, ಅಕ್ಕಲಕೋಟದಾಗ ಇರ್ತಾಳ, ಈ ಪಾವಣ್ಯಾರ್ನ ಕರಕೊಂಡ ಬಂದಾಕಿನೂ ಆಕಿನ, ಅವ್ವನ ಮುಂದ ಕುಂತು ಮೆತ್ತಗ ಅಂದ್ಲು:

"ಪೋರಿದೇನ ತಪ್ಪ? ತಾಯಿ ತಿದ್ದಬೇಕಾಗಿತ್ತು."

ಅವ್ವ ಆ ಆರಿದ ಚಹಾ ಒಯ್ದು ಎಮ್ಮಿ ಬಾನ್ಯಾಗ ಸುರುವಿ ಬಂದ್ಲು.

ಇಂಥಾ ಹೊತ್ತಿನ್ಯಾಗ ಅಕ್ಕ ಗಿಟಾರ ಬೇಕಂದ್ಲು. ಫಾಲ್ ಹಚ್ಚಿ ಗಳಿಸಿದ್ದು ಅರ್ಧಾ ಐತಿ, ಉಳದ ಅರ್ಧಾ ಕೊಡಂತ ಅಪ್ಪನ್ನ ಕೇಳಿದ್ಲು. ಅಪ್ಪ ಉಣ್ಣೂದು ಬಿಟ್ಟು ಆಕಿ ಮಾರಿ ನೋಡಿದ. ಬೈತಾನ ಅಂತ ನಾ ತಯಾರಾಗಿ ಕುಂತಿದ್ದೆ. ಆದ್ರ ನಡಕ ಬಾಯಿ ಹಾಕಿದಾಕಿ ಅತ್ತಿ.

"ತಮ್ಮಾ, ಕೊಡಸು. ನಮ್ಮ ಓಣ್ಯಾಗ ಒಬ್ಬ ಬಾರಸ್ತಾನ, ನಾ ನೋಡೀನಿ. ಬಲಗೈ ಹಗಲೆಲ್ಲಾ ಆಡತಿರತೈತಿ. ಇಕಿ ಬಲಗೈನೂ ಅದರಾಗ ಪಳಗಿದ್ರ ಪಳಗೀತು. ಔಷಧ ಅಂತ ತಿಳಕೊ."

ಹಿಂಗ ನಮ್ಮ ಮನಿಗೆ ಗಿಟಾರ ಬಂತು. ಹಾಡಿಗಂತ ಅಲ್ಲ, ಔಷಧ ಅಂತ.

ಅಪ್ಪ, ಅಕ್ಕ, ನಾ ಮೂರೂ ಮಂದಿ ಎಸ್ಟಿ ಹತ್ತಿ ಹೋದ್ವಿ. ನವಿ ಪೇಠದ ಒಂದ ಬೋಳದಾಗ, ಅಂದ್ರ ಸಣ್ಣ ಸಂದ್ಯಾಗ, ಪೇಟಿ ತಬಲಾ ದುರಸ್ತಿ ಮಾಡೂ ಸಣ್ಣ ದುಕಾನ, ಮ್ಯಾಲಿನ ಗ್ವಾಡಿಗೆ ಗಿಟಾರ ತೂಗ ಹಾಕಿದ್ರು. ಕರೇದು, ಕೆಂಪದು, ಆಕಾಶದ ಬಣ್ಣದ್ದು. ಎಲ್ಲಾವೂ ಒಂದ ಕಡಿ ಹೊಳ್ಳಿ ನಿಂತಿದ್ವು. ಅಕ್ಕ ಕೆಳಗ ನಿಂತು ಒಂದೊಂದನ್ನ ನೋಡಿದ್ಲು. ಆಕಿ ಏನ ಹುಡಕಾಕತ್ತಾಳಂತ ದುಕಾನದಾರಗ ತಿಳೀತು.

"ಡಾವರಾ ಪೀಸ್ ಬೇಕೇನ ತಾಯಿ? ಅದು ಇಲ್ಲಿ ಇರೂದಿಲ್ರಿ, ಪುಣೆಲಿಂದ ತರಸಬೇಕ. ರೊಕ್ಕ ಹೆಚ್ಚ ಬೀಳತೈತಿ. ನೀವ ಹೇಳೂ ರೊಕ್ಕದಾಗ ಅದೊಂದ ಬಂದೀತು, ಆಂಪ್ ಬರೂದಿಲ್ಲ. ಈ ಬಲಗೈದು ತಗೊಂಡ್ರ ಅದರಾಗನ ಆಂಪೂ ಕೂಡತೈತಿ."

ಆಂಪ್ ಅಂದ್ರ ಸಪ್ಪಳ ದೊಡ್ಡದು ಮಾಡೂ ಡಬ್ಬಿ. ಕರೆಂಟಿನ ಗಿಟಾರ ಒಳಗ ಪೊಳ್ಳ ಇರೂದಿಲ್ಲ, ಗಟ್ಟಿ ಕಟಗಿ. ಆಂಪ್ ಇಲ್ಲಂದ್ರ ಸೊಳ್ಳಿ ಗುಂಯ್ಗುಟ್ಟಿದಂಗ ಅಷ್ಟ. ದುಕಾನದಾರ ಎರಡ ಡಬ್ಬಿ ತೋರಿಸಿದ, ಒಂದ ಟಿಫಿನ್ನಿನಷ್ಟು, ಒಂದ ಹಿಟ್ಟಿನ ಡಬ್ಬಿಯಷ್ಟು. ಅಪ್ಪ ದೊಡ್ಡದನ್ನ ಬೆರಳಿಲೆ ಬಡದ ನೋಡಿದ, ಕುಂಬಾರನ ಕಡೆ ಗಡಗಿ ಬಡದ ನೋಡಿದಂಗ.

"ಇದಕ್ಕ ಭಜನಿ ಮೈಕ್ ಹತ್ತತೈತೇನ್ರಿ?"

"ಹತ್ತತೈತ್ರಿ. ಭಾಳ ಛಲೋ ಅಂತ ಹೇಳೂದಿಲ್ಲ. ಹತ್ತತೈತಿ."

ಅಪ್ಪನ ಮಾರಿ ಮ್ಯಾಲ ನಗಿ ಬಂತು. ಅಕ್ಕ ಅಪ್ಪನ ತೋಳ ಹಿಡದ್ಲು. ಅಂಗಡ್ಯಾಗ ಮಂದಿ ಇದ್ರು, ಆಕಿ ಖಬರ ಇಟ್ಟಿರಲಿಲ್ಲ.

"ಯಪ್ಪಾ, ಡಬ್ಬಿ ಬ್ಯಾಡ. ಎಡಗೈದ ತರಸು. ಸಪ್ಪಳ ಬರದಿದ್ರೂ ನಡೀತೈತಿ, ನಾ ಕಟಗಿಗೆ ಕಿವಿ ಹಚ್ಚಿ ಕೇಳತೀನಿ. ಡಬ್ಬಿ ಮುಂದ ನನ್ನ ರೊಕ್ಕಲೆ ತಗೊತೀನಿ."

"ಹುಚ್ಚೀ, ಸಪ್ಪಳ ಬರದ ವಸ್ತಾ ಯಾರರ ತಗೊತಾರೇನ? ಮತ್ತ ನಾವ ಬಂದದ್ದ ಯಾಕ? ನಿನ್ನ ಕೈ ಸುದ್ದ ಆಗ್ಲಿ ಅಂತ. ಎಡಗೈದ ತಗೊಂಡ್ರ ರೋಗಕ್ಕ ರೋಗಾನ ಕುಡಿಸಿದಂಗ."

ದುಕಾನದಾರ ಈ ಕಡೆ ನೋಡಲಿಲ್ಲ, ಆ ಕಡೆ ನೋಡಲಿಲ್ಲ. ಕರೇ ಗಿಟಾರ ಇಳಿಸಿ ಧೂಳ ಒರಸಿದ. ದೊಡ್ಡ ಡಬ್ಬಿ ಕಟ್ಟಿದ. ಎಸ್ಟ್ಯಾಗ ಡಬ್ಬಿ ಅಪ್ಪನ ತೊಡಿ ಮ್ಯಾಲ, ಗಿಟಾರ ಅಕ್ಕನ ತೊಡಿ ಮ್ಯಾಲ. ಆಕಿ ಅದರ ಕುತ್ತಿಗಿ ಎಡಗೈಲೆ ಹಿಡದಿರಲಿಲ್ಲ, ಬಲಗೈಲೆ ಹಿಡದಿದ್ಲು. ಅಂದ್ರ ತಿರವಿ. ಅಪ್ಪ ನೋಡಲಿಲ್ಲ. ನಾ ನೋಡಿದೆ.

ಮನಿಗೆ ಬಂದ ಮ್ಯಾಲ ಅವ್ವ ಹೊಸ ಟ್ರ್ಯಾಕ್ಟರಿಗೆ ಮಾಡಿದಂಗ ಅದಕ್ಕೂ ಪೂಜಿ ಮಾಡಿದ್ಲು. ಕುಂಕುಮ ಹಚ್ಚಿ, ಲಿಂಬಿಹಣ್ಣ ಇಳಿಸಿ, ಕಾಯಿ ಒಡಿಸಿದ್ಲು. ಆಮ್ಯಾಲ ಅಕ್ಕನ ಔಷಧ ಚಾಲೂ ಆತು. ದಿನಾ ಸಂಜಿಗೆ ಪಡಸಾಲ್ಯಾಗ ಎಲ್ಲಾರ ಮುಂದ ಕುಂತು ಬಲಗೈಲೆ ಮೀಟೂದು. ಆಕಿ ಬಲಗೈ ಯಾರ್ದೋ ಕಡಾ ತಂದ ಕೈ ಇದ್ದಂಗ ಇತ್ತು. ಮೀಟಬೇಕಂದ ತಂತಿ ಬಿಟ್ಟು ಬಾಜೂದಕ್ಕ ಬಡೀತಿತ್ತು. ಡಬ್ಬಿ ದೊಡ್ಡದು ನೋಡ್ರಿ, ಆಕಿ ತಪ್ಪೆಲ್ಲಾ ರೋಡಿನ ತನಕ ಕೇಳಸ್ತಿತ್ತು. ಓಣಿ ಹುಡಗರು ನಿಂತು ನಗತಿದ್ರು. ಅವ್ವ ರೊಟ್ಟಿ ಬಡ್ಯೂದು ನಿಲ್ಲಿಸಿ, "ಇನ್ನೊಮ್ಮೆ ಮಾಡವ್ವಾ, ಬರತೈತಿ" ಅಂತಿದ್ಲು. ಬರಲಿಲ್ಲ. ನಾ ಒಂದಿನ ಸುಮ್ನ ಎತ್ಕೊಂಡು ಮೀಟಿದೆ, ನಂಗ ಬಂತು. ಅಪ್ಪ ಭೇಷ್ ಅಂದ. ಅಕ್ಕ ಎದ್ದ ಒಳಗ ಹೋದ್ಲು.

ಒಂದ ಮಧ್ಯಾಹ್ನ ಕಾಳಿನ ಖೋಲ್ಯಾಗಿಂದ ಬ್ಯಾರೇ ಸಪ್ಪಳ ಬಂತು. ಡಬ್ಬಿಗೆ ಹಚ್ಚಿರಲಿಲ್ಲ, ಸೊಳ್ಳಿ ಸಪ್ಪಳನ, ಆದ್ರ ಅದು ಹಾಡ ಇತ್ತು. ಬಾಗಲಾ ಸರಿಸಿ ನೋಡಿದ್ರ ಅಕ್ಕ ತೊಗರಿ ಚೀಲದ ಮ್ಯಾಲ ಕುಂತು ಗಿಟಾರ ತಿರವಿ ಹಿಡದಾಳ. ಬಲಗೈಯವ್ರು ಹಿಡದಾಗ ದಪ್ಪ ತಂತಿ ಮ್ಯಾಲ, ಸಣ್ಣ ತಂತಿ ಕೆಳಗ ಬರಬೇಕು. ತಿರವಿ ಹಿಡದ್ರ ಅದು ಉಲ್ಟಾ ಆಗತೈತಿ. ಅದಕ್ಕ ಆಕಿ ಎಲ್ಲಾ ತಂತಿ ಬಿಚ್ಚಿ, ಆ ಕಡಿದ ಈ ಕಡೆ ಹಾಕಿದ್ಲು. ದಪ್ಪ ತಂತಿ ಸಣ್ಣದರ ಗೀರಿನ್ಯಾಗ ಕೂಡಲಿಲ್ಲಂತ ಕುಡಗೋಲ ಮಸ್ಯೂ ಕಾನಸಲೆ ಗೀರ ತಿಕ್ಕಿ ದೊಡ್ಡದ ಮಾಡಿದ್ಲು. ಬೆರಳ ಒಡದು ರಕ್ತ ಬಂದಿತ್ತು. ನನ್ನ ನೋಡಿ ನಕ್ಕಳು. ಆ ನಗಿ ನಾ ಮತ್ತ ನೋಡಲಿಲ್ಲ, ಅದಕ್ಕ ಹೇಳಾಕತ್ತೀನಿ.

"ಯಾರ ಮುಂದೂ ಬಾಯಿ ಬಿಟ್ಟೀ ಅಂದ್ರ ಕಿವಿ ಕಿತ್ತ ಕೈಯಾಗ ಕೊಡ್ತೀನಿ."

"ಯಾವ ಕೈಲೆ?"

"ಮೂಳ!"

ಸಂಜಿಮುಂದ ಪಡಸಾಲ್ಯಾಗ ಬಲಗೈಲೆ ಮೀಟಿದ್ರ ಮೊದಲಿನಂಗ ತಪ್ಪನ ಬರತಿತ್ತು, ತಂತಿ ಬದಲಾದದ್ದು ಯಾರ್ಗೂ ತಿಳೀಲಿಲ್ಲ. ಒಂದ ತ್ರಾಸ ಉಳೀತು. ತಿರವಿ ಹಿಡದ್ರ ಆವಾಜಿನ ಗುಂಡಿ ಮ್ಯಾಲ ಬರತೈತಿ, ಮೀಟೂ ಕೈ ಅದಕ್ಕ ತಾಗತೈತಿ. ಮನ್ಯಾಗ ಯಾರೂ ಇಲ್ಲದಾಗ ಡಬ್ಬಿಗೆ ಹಚ್ಚಿ ಬಾರಿಸಿದ್ರ, ಬಾರಸ್ತಾ ಬಾರಸ್ತಾ ಆಕಿ ಕೈನ ಆಕಿ ಆವಾಜ ಕಮ್ಮಿ ಮಾಡ್ತಿತ್ತು. ಹಾಡ ಜೋರಿಗೆ ಬಂದಾಗನ ಸಪ್ಪಳ ಕೂತು ಹೋಗತಿತ್ತು. ಕಡೀಕ ಗಾಯಕ್ಕ ಹಚ್ಚೂ ಪಟ್ಟಿ ತಂದು ಗುಂಡಿಗೆ ಸುತ್ತಿ, ಅಳ್ಳಾಡದಂಗ ಅಂಟಿಸಿದ್ಲು. ಆಮ್ಯಾಲ ಆ ಖೋಲ್ಯಾಗ ಏನ ಕೇಳೀನೋ, ನಂಗ ಬರದ ಹೇಳಾಕ ಬರೂದಿಲ್ಲ. ಜ್ವಾಳದ ಚೀಲಕ್ಕ ಬೆನ್ನ ಹಚ್ಚಿ ಕುಂತ್ರ ಚೀಲದೊಳಗಿನ ಕಾಳ ಸೈತ ನಡಗತಿದ್ವು, ಬೆನ್ನಿಗೆ ಗೊತ್ತಾಗತಿತ್ತು.

ಒಂದ ಸೋಮವಾರ ಭಜನಿ ಅರ್ಧಾ ಆದಾಗ ಅಪ್ಪನ ಪೇಟಿ ಕೈ ಕೊಟ್ಟಿತು. ಗಾಳಿ ಹಿಡೀವಲ್ದು. ಎಲ್ಲಾರೂ ಕಣ್ಣ ಮುಚ್ಚಿ ತಾಳ ಹಾಕಾಕತ್ತಿದ್ರು, ಅಪ್ಪ ಬರೇ ದನೀಲೆನ ಹಾಡ ಎಳದ. ಆ ಹೊತ್ತಿನ್ಯಾಗ ಒಳಗಿನ ಬಾಗಲದಾಗಿಂದ ಗಿಟಾರ ಬಂತು. ಅಕ್ಕ ಯಾವಾಗ ವೈರ್ ಎಳದು ಡಬ್ಬಿಗೆ ಸಿಗಿಸಿದ್ಲೋ ನಾ ನೋಡಲಿಲ್ಲ. ಅಪ್ಪನ ದನಿ ಎಲ್ಲಿ ಹೋಕ್ಕೈತೋ ಆಕಿ ತಂತಿ ಅಲ್ಲಿಗೆ ಹಿಂದಿಂದ ಹೋಗತಿತ್ತು, ಅಪ್ಪ ಉಸರ ಬಿಟ್ಟಾಗ ಅದು ಹಾಡ ಹಿಡದು ನಿಲ್ಲತಿತ್ತು. ಅಪ್ಪ ಕಣ್ಣ ತಗೀಲಿಲ್ಲ. ನಾ ಬಾರಸಾಕತ್ತೀನಿ ಅಂತ ತಿಳದಿದ್ದ. ಅಂವಂದು ಕಣ್ಣೀರ ಬರಾಕತ್ತಿತ್ತು, ಮುಗದ ಹಾಡ ಮತ್ತೊಮ್ಮೆ ಎತ್ತಿದ. ತಬಲಾದ ಕಾಕಾ "ವಾ ಮಲ್ಲ್ಯಾ, ವಾ!" ಅಂದ. ನಾ ಅವರ ನಡಕನ ಕೈಯಾಗ ತಾಳ ಹಿಡಕೊಂಡ ಕುಂತಿದ್ದೆ.

ಹಾಡ ಮುಗೀತು. ಅಪ್ಪ ಕಣ್ಣ ತಗದ. ನನ್ನ ನೋಡಿದ, ಆಮ್ಯಾಲ ಬಾಗಲಾ ನೋಡಿದ. ಅಕ್ಕನ ಎಡಗೈ ಇನ್ನಾ ತಂತಿ ಮ್ಯಾಲ ಆಡಾಕತ್ತಿತ್ತು. ಅಪ್ಪ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ರ ಛಲೋ ಇತ್ತು. ಸುಮ್ನ ಕೈ ಚಾಚಿ ಡಬ್ಬಿ ಬಟನ್ ಆರಿಸಿದ. ಅಕ್ಕ ನಿಲ್ಲಿಸಲಿಲ್ಲ, ಅದ ಸೊಳ್ಳಿ ಸಪ್ಪಳದಾಗ ಬಾರಸ್ತಾನ ಇದ್ಲು, ಕೇಳಸ್ತೈತಂತ ತಿಳಕೊಂಡಂಗ. ಆವತ್ತ ಅಕ್ಕಲಕೋಟದಿಂದ ಭಜನಿಗೆ ಬಂದಿದ್ದ ಗಂಗಾ ಅತ್ತಿ ಅವ್ವನ ಕಡೆ ಹೊಳ್ಳಿ ಅಂದ್ಲು:

"ದೇವರ ಮುಂದ. ಎಡಗೈಲೆ. ಏನ ಕಲಿಸಿಯವ್ವಾ ನೀ ಮಗಳಿಗೆ?"

ಪ್ರಸಾದ ಹಂಚಾಕ ಎದ್ದಿದ್ದ ಅವ್ವ ಹಂಗ ನಿಂತ್ಲು. ಆವತ್ತ ಆಕಿ ಉಣ್ಣಲಿಲ್ಲ, ಮರುದಿನಾನೂ ಉಣ್ಣಲಿಲ್ಲ. ಅಪ್ಪನ ಜೋಡಿ ಜಗಳ ಆಡಲಿಲ್ಲ, ಅಕ್ಕಗ ಬೈಲಿಲ್ಲ, ಹೊಡೀಲಿಲ್ಲ. ಬರೇ ರೊಟ್ಟಿ ಬಡದು ಎಲ್ಲಾರ್ಗೂ ಹಾಕಿದ್ಲು, ಆಮ್ಯಾಲ ಒಲಿ ಮುಂದ ಕುಂತ್ಲು. ಅಕ್ಕ ತಾಟ ತಗೊಂಡು ಅವ್ವನ ಬಾಜೂಕ ಹೋಗಿ ಕುಂತ್ಲು. ಕಾಲೇಜಿಗೆ ಹೋಗೂ ಪೋರಿ, ಲಗ್ನಕ್ಕ ಬಂದಾಕಿ. ಅವ್ವನ ಸೆರಗಿನ ತುದಿ ಹಿಡದು, ತನ್ನ ಎಡಗೈ ಮುಂದ ಚಾಚಿದ್ಲು.

"ಕಟ್ಟವ್ವಾ."

ಅವ್ವ ಕೈ ದೂಡಿದ್ಲು. ಅಕ್ಕ ಮತ್ತ ಚಾಚಿದ್ಲು.

"ಕಟ್ಟು. ಈ ಸಲ ಕಡಕ್ ರೊಟ್ಟಿ ಇದ್ರೂ ಬಿಚ್ಚಬ್ಯಾಡ."

ಅವ್ವ ಕಟ್ಟಿದ್ಲು. ಇಬ್ರೂ ಅಳಕೋಂತ ಒಂದ ತಾಟಿನ್ಯಾಗ ಉಂಡ್ರು. ನಾ ಬಾಗಲದಾಗ ನಿಂತು ನೋಡಿದೆ, ನಂಗ ನಗಿ ಬರಲಿಲ್ಲ.

ಆಮ್ಯಾಲಿಂದು ಲಗು ಲಗು ಆತು. ಹನ್ನೂರಿನವ್ರು ನೋಡಾಕ ಬಂದ್ರು. ಅಕ್ಕ ಚಹಾ ಬಲಗೈಲೆ ಕೊಟ್ಲು, ಪೋಹೆ ಬಲಗೈಲೆ ಕೊಟ್ಲು, ಸೆರಗ ಸರಿ ಮಾಡ್ಕೊಂಡದ್ದೂ ಬಲಗೈಲೆ. ಹುಡಗ ಛಲೋ, ಹೊಲಾ ಮನಿ ಇದ್ದಾಂವ. ಲಗ್ನ ಆತು. ಗಿಟಾರ ಆಮ್ಯಾಲ ಕಳಸ್ತೀವಿ ಅಂತ ಅಪ್ಪ ಅಂದ. ಗಿಟಾರ ಕಾಳಿನ ಖೋಲಿ ಗೂಟಕ್ಕ ಬಿತ್ತು. ಡಬ್ಬಿ ನಂಗ ಉಳೀತು. ಕೆಟ್ಟಾಗ ಬಿಚ್ಚಿದೆ, ಜೋಡಿಸಿದೆ, ಮತ್ತ ಬಿಚ್ಚಿದೆ. ಸಾಲ್ಯಾಗ ಬರದದ್ದು ಅದರಾಗ ಬಂತು. ಈಗ ನಾ ಲಗ್ನ ಕಾರ್ಯಕ್ಕ ಸೌಂಡ ಹಚ್ಚತೀನಿ. ಅದರಾಗನ ನಂದು ಊಟ. ಯಾವ ಮಂಟಪದಾಗರ ಬಟನ್ ಆರಸೂ ಪಾಳಿ ಬಂದ್ರ, ಹಾಡಾಕತ್ತವ್ರು ಬಾಯಿ ಮುಚ್ಚೂತನಕ ನಾ ಕೈ ಹಚ್ಚೂದಿಲ್ಲ. ಇದಕ್ಕ ಮಂದಿ ಜೋಡಿ ಜಗಳಾನೂ ಆಗ್ಯಾವ.

ಮೊನ್ನಿ ಮಳಿಗಾಲ ಮುಗದ ಮ್ಯಾಲ ಗಿಟಾರ ಇಳಿಸಿದೆ. ತಂತಿ ಜಂಗ ಹಿಡದಿದ್ವು. ಹೊಸಾ ತಂತಿ ತಂದೆ. ಆಕಿ ಹಾಕಿದ್ದಂಗನ, ಎಡಗೈಗೆ, ಆಕಿ ಕಾನಸಲೆ ತಿಕ್ಕಿದ ಗೀರಿನ್ಯಾಗನ ಕೂಡಿಸಿದೆ. ಪಟ್ಟಿ ಕಿತ್ತ ಬಿದ್ದಿತ್ತು, ಅಂಟ ಉಳದಿತ್ತು, ಅದನ್ನ ತಗೀಲಿಲ್ಲ. ಡಬ್ಬಿ ಗಾಡಿ ಹಿಂದ ಕಟ್ಟಿ, ಗಿಟಾರ ಬೆನ್ನಿಗೆ ಹಾಕ್ಕೊಂಡು ಹನ್ನೂರಿಗೆ ಹೋದೆ. ದಾರಿ ಉದ್ದಕ್ಕ ಒಂದ ವಿಚಾರ: ಆಕಿ ಎಡಗೈಲೆ ಒಮ್ಮೆ ಮೀಟಿದ್ರ ಸಾಕು.

ದಾಜಿ, ಅಂದ್ರ ಅಕ್ಕನ ಗಂಡ, ನೋಡಿ ಖುಷಿ ಆದ್ರು. ಖುದ್ದ ವೈರ್ ಹಿಡದು ಪ್ಲಗ್ ಹಾಕಿದ್ರು.

"ಅರೆ ವಾ! ಇಕಿ ಬಾರಸ್ತಿದ್ಲಂತ ನಂಗ ಗೊತ್ತ ಇಲ್ಲ ನೋಡ್ರಿ ಮೆವಣ್ಯಾ. ವಾಜವ್ ಕೀ ಗ, ಬಾರಸು! ಯಾರ ಬ್ಯಾಡಂತಾರ?"

ಯಾರೂ ಬ್ಯಾಡ ಅನ್ನಲಿಲ್ಲ. ಗಂಗಾ ಅತ್ತಿ ಅಲ್ಲಿ ಇರಲಿಲ್ಲ, ಅಪ್ಪ ಇರಲಿಲ್ಲ. ಅಕ್ಕ ಹಿಟ್ಟಿನ ಕೈ ಸೆರಗಿಗೆ ಒರಿಸಿಕೊಂಡು ಹೊರಗ ಬಂದ್ಲು. ನಕ್ಕಳು, ಆದ್ರ ಆ ನಗಿ ಅಲ್ಲ. ಚಾಪಿ ಮ್ಯಾಲ ಕುಂತು ಗಿಟಾರ ತೊಡಿ ಮ್ಯಾಲ ತಗೊಂಡ್ಲು. ಕುತ್ತಿಗಿ ಎಡಗೈಯಾಗ ಹಿಡದ್ಲು, ಬಲಗೈ ತಂತಿ ಮ್ಯಾಲ ಇಟ್ಲು. ವಿಚಾರ ಮಾಡಿ ಅಲ್ಲ. ತಾನಾಗೇ ಹೋತು ಕೈ. ಗುಂಡಿ ಮ್ಯಾಲಿನ ಅಂಟ ಬೆರಳಿಗೆ ಹತ್ತಿತು.

"ಇದೇನ ಜಿಗಟ ಐತೋ?"

ಉಗರಿಲೆ ಅದನ್ನ ಕೆರದು ತಗದ್ಲು. ಆಮ್ಯಾಲ ಮೀಟಿದ್ಲು. ಸಣ್ಣ ತಂತಿ ಇರೂ ಕಡೆ ದಪ್ಪ, ದಪ್ಪ ಇರೂ ಕಡೆ ಸಣ್ಣ. ಡಬ್ಬಿ ಒದರಿತು. ಆಕಿ ಬಗ್ಗಿ ತಂತಿ ನೋಡಿದ್ಲು, ನನ್ನ ಮಾರಿ ನೋಡಿದ್ಲು.

"ಉಲ್ಟಾ ಹಾಕಿಯಲ್ಲೋ ಮಲ್ಲ್ಯಾ ತಂತಿ."

ನಾ ಆಕಿ ಎಡಗೈ ನೋಡಿದೆ. ಹೆಬ್ಬಟ್ಟಿನ ಬುಡಕ ಕಲ್ಲಿನಂಥಾ ಗುಳ್ಳಿ ಇರಲಿಲ್ಲ, ಮೆತ್ತಗ ಆಗಿತ್ತು. ದಾಜಿ ನಗಾಕತ್ತಿದ್ರು, ಮೆವಣ್ಯಾಗ ಇಷ್ಟೂ ಬರೂದಿಲ್ಲೇನ ಅಂತ. ನಾನೂ ನಕ್ಕೆ.

"ಹೌದಕ್ಕಾ. ನಂದ ತಪ್ಪಾತು. ಕೊಡಿಲ್ಲಿ, ಸರಿ ಮಾಡಿ ಕೊಡ್ತೀನಿ."

ಡಬ್ಬಿ ಬಟನ್ ನಾನ ಆರಿಸಿದೆ. ತಂತಿ ಸಡಲ ಮಾಡಿ ಬಿಚ್ಚಾಕತ್ತಿದೆ. ಅಕ್ಕ ಬಾಜೂಕ ಕುಂತು, ಬಿಚ್ಚಿದ ತಂತಿ ಒಂದೊಂದ ಬಲಗೈಲೆ ಇಸ್ಕೊಂಡ್ಲು.